ಕಾಗೆ ಕುಳಿತದ್ದೂ ಕೊಂಬೆ ಮುರಿದದ್ದೂ

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೊಂಬೆ ಮೊದಲೇ ಒಣಗಿತ್ತು. ಅಪವಾದ ಮಾತ್ರ ಕಾಗೆಯ ಪಾಲಿಗೆ ಬಂದಿತು. ಎರಡು ಸಂಗತಿಗಳು ಜೊತೆಜೊತೆಯಾಗಿ ಕಂಡುಬರುವುದನ್ನು ಸಂಖ್ಯಾಶಾಸ್ತ್ರದಲ್ಲಿ ಸಹಸಂಬಂಧವೆನ್ನುತ್ತಾರೆ. ಒಂದರಿಂದಲೇ ಇನ್ನೊಂದು ಉಂಟಾಗುವುದು ಕಾರ್ಯಕಾರಣ ಸಂಬಂಧ. ಇವೆರಡನ್ನೂ ಒಂದೇ ಎಂದು ಭಾವಿಸಿದರೆ ಎಂತಹ ಅನರ್ಥವಾದೀತೆಂಬುದಕ್ಕೆ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಸಂಗ ನಿದರ್ಶನವಾಗಿದೆ.

1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯರೂ ಅವರ ಸಂಗಡಿಗರೂ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 12 ಮಕ್ಕಳನ್ನು ಕುರಿತು ಲೇಖನವೊಂದನ್ನು ಪ್ರಕಟಿಸಿದರು. ದಡಾರ, ಮಂಗನಬಾವು, ರುಬೆಲ್ಲಾ ರೋಗಗಳನ್ನು ತಡೆಯುವ ಲಸಿಕೆ ಹಾಕಿಸಿದ ಬಳಿಕ ಮಗುವಿನಲ್ಲಿ ಆಟಿಸಂ ಲಕ್ಷಣಗಳು ತೋರಿದವೆಂದು ಕೆಲವು ತಾಯ್ತಂದೆಗಳು ಹೇಳಿದರೆಂದು ಅದರಲ್ಲಿ ಬರೆದಿತ್ತು. ಸುದ್ದಿ ಕಾಳ್ಗಿಚ್ಚಿನಂತೆ ಹಬ್ಬಿತು. ಅನೇಕರು ತಮ್ಮ ಮಕ್ಕಳಿಗೆ ಲಸಿಕೆ ಹಾಕಿಸುವುದನ್ನೇ ಬಿಟ್ಟರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಲಸಿಕೆಯ ಮೊದಲ ಚುಚ್ಚುಮದ್ದನ್ನು ಅಲ್ಲಿ ಮಗುವಿಗೆ ವರ್ಷ ತುಂಬಿದ ಸುಮಾರಿಗೆ ಕೊಡುತ್ತಾರೆ. ಮಗು ಮಾತು ಕಲಿಯುತ್ತಿಲ್ಲ, ಕರೆದರೆ ತಿರುಗಿ ನೋಡುತ್ತಿಲ್ಲ ಎಂಬುದು ಮನೆಯವರ ಅರಿವಿಗೆ ಬರುವುದೂ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ. ಹೀಗಾಗಿ ಒಂದರ ಹಿಂದೆ ಒಂದು ಬಂದದ್ದು ಕಾಕತಾಳೀಯವೋ ಅಲ್ಲವೋ ಎಂದು ತಿಳಿಯಬೇಕಾದರೆ ಲಸಿಕೆ ಪಡೆಯದ ಮಕ್ಕಳನ್ನೂ ನೋಡಲೇಬೇಕು. ಡೆನ್ಮಾರ್ಕಿನ ಸಂಶೋಧಕರು ಅದನ್ನೇ ಮಾಡಿದರು. 5,37,303 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2002ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಲಸಿಕೆ ಪಡೆದವರಲ್ಲಿ ಆಟಿಸಂ ಪಡೆಯದವರಿಗಿಂತ ಹೆಚ್ಚಾಗಿರಲಿಲ್ಲ. 2010ರಲ್ಲಿ ‘ಲ್ಯಾನ್ಸೆಟ್’ ಆ ಲೇಖನವನ್ನು ಹಿಂತೆಗೆದುಕೊಂಡಿತು. ವೇಕ್‌ಫೀಲ್ಡರ ಹೆಸರನ್ನು ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಅಷ್ಟರಲ್ಲಿ ಹತೋಟಿಗೆ ಬಂದಿದ್ದ ದಡಾರ ಅಲ್ಲಿ ಮತ್ತೆ ತಲೆಯೆತ್ತಿತ್ತು.

ನಮ್ಮ ನಾಡಿಗೂ ಇದು ದೂರದ ಮಾತಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದಾಗಲೂ ಸಲ್ಲದ ವದಂತಿಗಳು ಹಬ್ಬಿದ್ದವು. ದಡಾರವಾದರೋ ನ್ಯುಮೋನಿಯಾಕ್ಕೆ ತಿರುಗಿ ಮಗುವಿನ ಪ್ರಾಣವನ್ನೇ ತೆಗೆಯಬಲ್ಲ ರೋಗ.

ಶಕುನ, ಮುಹೂರ್ತಗಳ ಭಯವನ್ನು ಬಸವಾದಿ ಶರಣರು 12ನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಬೆಕ್ಕು ಅಡ್ಡ ಬಂದುದರಿಂದಲೇ ಕೆಲಸ ಕೆಟ್ಟಿತೆನ್ನುವುದೂ ಚುಚ್ಚುಮದ್ದಿನಿಂದಲೇ ಆಟಿಸಂ ಬಂದಿತೆನ್ನುವುದೂ ಒಂದೇ ಬಗೆಯ ತರ್ಕ. ಆದುದರಿಂದ ಇಂತಹ ಸುದ್ದಿ ಕಿವಿಗೆ ಬಿದ್ದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಅದಿಲ್ಲದೆಯೂ ಇದು ಆಗುತ್ತಿತ್ತೇ? ಎರಡಕ್ಕೂ ಮೂಲವಾದ ಬೇರೊಂದು ಕಾರಣವಿದೆಯೇ? ಎಷ್ಟು ಜನರನ್ನು ನೋಡಿ ಹೀಗೆ ಹೇಳುತ್ತಿದ್ದಾರೆ? ಉತ್ತರ ತಿಳಿಯದಿದ್ದರೆ ವೈದ್ಯರನ್ನು ವಿಚಾರಿಸೋಣ. ಅರಿವನ್ನೇ ಗುರುವೆಂದು ನಂಬಿದ ನಮ್ಮ ಮನೆಗಳಲ್ಲಿ ಮಕ್ಕಳ ಲಸಿಕೆಯು ವದಂತಿಯ ಕಾರಣದಿಂದ ಒಂದು ದಿನವೂ ತಡವಾಗದಿರಲಿ.