ಕೊಲೆಯ ಚಿತ್ರ ಯಾರ ಸೊತ್ತು?

ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಲಿಯಾಂಟಿಯಸ್ ಎಂಬೊಬ್ಬನ ಕಥೆಯನ್ನು ಸಾಕ್ರಟೀಸನ ಬಾಯಿಂದ ಹೇಳಿಸಿದ್ದಾನೆ. ಆತನು ಪಿರೇಯಸ್ ರೇವಿನಿಂದ ಅಥೆನ್ಸ್ ನಗರದ ಕಡೆಗೆ, ಉತ್ತರದ ಕೋಟೆಗೋಡೆಯ ಹೊರಮಗ್ಗುಲನ್ನು ಹಿಡಿದು ಬರುತ್ತಿದ್ದಾಗ, ವಧಸ್ಥಾನದ ಹತ್ತಿರ ಬಿದ್ದಿದ್ದ ಹೆಣಗಳು ಕಣ್ಣಿಗೆ ಬಿದ್ದವು. ನೋಡಬೇಕೆಂಬ ಚಪಲ ಒಂದು ಕಡೆ ಎಳೆಯಿತು, ಹೇಸಿಕೆ ಇನ್ನೊಂದು ಕಡೆ ತಡೆಯಿತು. ಮುಖವನ್ನು ಮುಚ್ಚಿಕೊಂಡು ಸ್ವಲ್ಪ ಹೊತ್ತು ತನ್ನೊಡನೆ ತಾನೇ ಹೆಣಗಿದ. ಕಡೆಗೆ ಚಪಲವೇ ಗೆದ್ದಿತು. ಕಣ್ಣುಗಳನ್ನು ಅಗಲಿಸಿಕೊಂಡು ಆ ಹೆಣಗಳ ಬಳಿಗೆ ಓಡಿದ. ಓಡುತ್ತ ತನ್ನ ಕಣ್ಣುಗಳನ್ನೇ, ಅವು ಬೇರೆ ಯಾರದೋ ಎಂಬಂತೆ, ಶಪಿಸಿದನಂತೆ.

ಸುಮಾರು ಎರಡು ಸಾವಿರದ ನಾನೂರು ವರ್ಷಗಳ ಹಿಂದಿನ ಈ ಮನುಷ್ಯನ ಮೇಲೆ ನನಗೆ ಒಂದು ಬಗೆಯ ಗೌರವವುಂಟು. ಸೋತನಾದರೂ ಅವನು ಹೋರಾಡಿ ಸೋತ. ಹೋರಾಡುವುದಕ್ಕೆ ಅವನಿಗೆ ಎಡೆಯಿದ್ದಿತು: ಹೆಣ ಗೋಡೆಯ ಬಳಿ ಇತ್ತು, ಅವನು ದಾರಿಯಲ್ಲಿದ್ದ, ನಡುವೆ ಕೆಲವು ಹೆಜ್ಜೆಗಳಿದ್ದವು. ಆ ಹೆಜ್ಜೆಗಳನ್ನು ಇಂದಿನ ಅಂತರ್ಜಾಲ ಇಲ್ಲವಾಗಿಸಿದೆ. 2024ರ ಸೆಪ್ಟೆಂಬರ್ ಮೊದಲ ವಾರದಲ್ಲಿ, ಬೆಂಗಳೂರಿನ ಒಂದು ಕೊಲೆ ಮೊಕದ್ದಮೆಯ ಆರೋಪಪಟ್ಟಿ ನ್ಯಾಯಾಲಯಕ್ಕೆ ಸಲ್ಲಿಕೆಯಾದ ಬೆನ್ನಿಗೇ, ಹತನಾದವನು ಸಾವಿಗೆ ಸ್ವಲ್ಪ ಮುಂಚೆ ಪ್ರಾಣಭಿಕ್ಷೆ ಬೇಡುತ್ತಿರುವಂತೆ ಕಾಣುವ ಚಿತ್ರಗಳು ಟಿ.ವಿ. ವಾಹಿನಿಗಳಲ್ಲಿಯೂ ಮೊಬೈಲುಗಳಲ್ಲಿಯೂ ನಾಡಿನ ತುಂಬ ಹರಡಿದವು. ನನಗೂ ಒಬ್ಬ ಮಿತ್ರರಿಂದ ಬಂದಿತು. ಯಾವ ಪೀಠಿಕೆಯೂ ಇಲ್ಲದೆ, ಅವರೇ ಬೆಳಿಗ್ಗೆ ಕಳುಹಿಸಿದ್ದ ಶುಭೋದಯದ ಹೂವಿನ ಚಿತ್ರದ ಕೆಳಗೆ. ನೋಡಿದೆ. ಮುಖ ಮುಚ್ಚಿಕೊಳ್ಳುವಷ್ಟು ಸಮಯವೂ ಸಿಗಲಿಲ್ಲವೆಂದು ಬರೆದರೆ ಅದು ಪೂರ್ತಿ ನಿಜವಾಗದು. ಎರಡನೆಯ ಸಲ ನೋಡಿದಾಗ ಸಮಯವಿತ್ತು.

ಕೆಲವೇ ದಿನಗಳಲ್ಲಿ ನಮ್ಮ ಉಚ್ಚ ನ್ಯಾಯಾಲಯವು ಆ ಆರೋಪಪಟ್ಟಿಯ ಒಳಸಂಗತಿಗಳನ್ನು ಮಾಧ್ಯಮಗಳು ಪ್ರಕಟಿಸದಂತೆ ತಡೆಯಾಜ್ಞೆ ನೀಡಿತು. ಆ ಆಜ್ಞೆ ಬಂದುದು ಆರೋಪಿಯೊಬ್ಬರ ಅರ್ಜಿಯ ಮೇಲೆ. ವಿಚಾರಣೆಗೆ ನಿಂತವನಿಗೆ ಆ ರಕ್ಷಣೆ ಬೇಕಾದದ್ದೇ. ಅದನ್ನು ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಸತ್ತವನ ಪರವಾಗಿ ಹೀಗೆ ಹೋಗಿ ತಟ್ಟಬಹುದಾದ ಬಾಗಿಲು ಯಾವುದೆಂದು ಹುಡುಕಹೊರಟರೆ ಅದು ಅಷ್ಟು ಸುಲಭವಾಗಿ ಕಾಣಸಿಗುವುದಿಲ್ಲ. ಕೊಲೆಯ ಚಿತ್ರಗಳು ಎಲ್ಲರಿಗೂ ಎಲ್ಲ ಕಾಲಕ್ಕೂ ತೆರೆದಿರಬೇಕೆ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಅಲ್ಲಿಂದ ಮೊದಲಾಯಿತು.

ಬೇಡವಾದವರು ನೋಡದಿದ್ದರಾಯಿತು ಎಂದು ಹೇಳುವವರಿದ್ದಾರೆ. ಈ ಮಾತು ನೋಡುವವನ ಕಡೆಯಿಂದ ಮಾತ್ರ ಆಡಿದ್ದು. ಚಿತ್ರದಲ್ಲಿರುವವನನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇಂಥ ಚಿತ್ರಗಳು ಹುಟ್ಟಿದ್ದು ಎಲ್ಲರ ಕಣ್ಣಿಗಾಗಿ ಅಲ್ಲ. ಪ್ಯಾರಿಸ್ ಪೊಲೀಸ್ ಇಲಾಖೆಯ ಆಲ್ಫೋನ್ಸ್ ಬರ್ಟಿಲಾನ್ ಎಂಬಾತನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೂ ಇಪ್ಪತ್ತನೆಯದರ ಮೊದಲಲ್ಲಿಯೂ ಕೊಲೆ ನಡೆದ ಸ್ಥಳದ ಛಾಯಾಗ್ರಹಣವನ್ನು ಒಂದು ಶಾಸ್ತ್ರವನ್ನಾಗಿ ಮಾಡಿದ. ಎತ್ತರವಾದ ಮುಕ್ಕಾಲಿಯ ಮೇಲೆ ಕ್ಯಾಮರಾವನ್ನು ನಿಲ್ಲಿಸಿ ಶವವನ್ನು ನೇರವಾಗಿ ಮೇಲಿನಿಂದ ಹಿಡಿಯುವುದು. ಚಿತ್ರದ ಅಂಚಿನಲ್ಲಿ ಅಳತೆಯ ಗೆರೆಗಳನ್ನು ಅಚ್ಚುಮಾಡಿ, ಯಾವ ವಸ್ತು ಯಾವುದರಿಂದ ಎಷ್ಟು ದೂರದಲ್ಲಿತ್ತೆಂಬುದನ್ನು ಲೆಕ್ಕ ಹಾಕುವಂತೆ ಮಾಡುವುದು. ಅದು ನ್ಯಾಯಾಧೀಶನ ಮೇಜಿಗಾಗಿ ಸಿದ್ಧವಾದ ಕಾಗದ. ಅದರಲ್ಲಿ ಕನಿಕರವೂ ಇಲ್ಲ, ಕುತೂಹಲವೂ ಇಲ್ಲ; ಅಳತೆಯಿದೆ, ಅಷ್ಟೆ.

ಆಮೇಲೆ ಪತ್ರಿಕೆಗಳು ಬಂದವು. ನ್ಯೂಯಾರ್ಕಿನಲ್ಲಿ ವೀಜೀ ಎಂಬ ಹೆಸರಿನಿಂದ ಪ್ರಸಿದ್ಧನಾದ ಆರ್ಥರ್ ಫೆಲಿಗ್ ಎಂಬ ಛಾಯಾಗ್ರಾಹಕನು ಪೊಲೀಸ್ ರೇಡಿಯೋವನ್ನು ತನ್ನ ಕಾರಿನಲ್ಲಿಯೇ ಇಟ್ಟುಕೊಂಡು, ರಾತ್ರಿಯೆಲ್ಲ ಕೊಲೆಗಳ ಹಿಂದೆ ಅಲೆದು, ಚಿತ್ರಗಳನ್ನು ಪತ್ರಿಕೆಗಳಿಗೆ ಮಾರುತ್ತಿದ್ದ. ಆತನ ಒಂದು ಚಿತ್ರವನ್ನು ಮಾತ್ರ ಇಲ್ಲಿ ನೆನೆಯಬೇಕು. 1941ರದು, ‘ಅವರ ಮೊದಲ ಕೊಲೆ’ ಎಂಬ ಅರ್ಥದ ಹೆಸರು ಅದಕ್ಕೆ. ಅದರಲ್ಲಿ ಹೆಣವೇ ಇಲ್ಲ. ಬ್ರೂಕ್ಲಿನ್ನಿನ ಬೀದಿಯಲ್ಲಿ, ಶಾಲೆಯಿಂದ ಹೊರಬಿದ್ದ ಮಕ್ಕಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಹೆಣವನ್ನು ನೋಡಲು ಮುನ್ನುಗ್ಗುತ್ತಿದ್ದಾರೆ. ಒಬ್ಬನ ಮುಖದಲ್ಲಿ ನಗೆ ಕೂಡ ಇದೆ. ನಡುವೆ ಒಬ್ಬ ಹೆಂಗಸು ಅಳುತ್ತಿದ್ದಾಳೆ. ಆಕೆ ಸತ್ತವನ ಚಿಕ್ಕಮ್ಮನೋ ಅತ್ತೆಯೋ ಆಗಬೇಕು, ಇಂಗ್ಲಿಷಿನ ಒಂದೇ ಪದ ಎರಡಕ್ಕೂ ಸಲ್ಲುವುದರಿಂದ ನಿಶ್ಚಯಿಸುವಂತಿಲ್ಲ. ನೋಡುವವರು ಮತ್ತು ಅಳುವವಳು ಒಂದೇ ಚೌಕಟ್ಟಿನಲ್ಲಿ, ಭುಜಕ್ಕೆ ಭುಜ ತಾಕಿಸಿಕೊಂಡು ಇದ್ದಾರೆ. ನಮ್ಮ ಕಾಲದಲ್ಲಿ ಅಳುವವಳು ಚೌಕಟ್ಟಿನಿಂದ ಹೊರಗೆ ಬಿದ್ದಿದ್ದಾಳೆ.

ಇಷ್ಟು ಹೇಳಿ, ಹಾಗಾದರೆ ಇವೆಲ್ಲವನ್ನೂ ಮುಚ್ಚಿಬಿಡೋಣ ಎಂದು ತೀರ್ಮಾನಿಸಿಬಿಡಬಹುದಾಗಿದ್ದರೆ ಈ ಲೇಖನಕ್ಕೆ ಕೆಲಸವಿರುತ್ತಿರಲಿಲ್ಲ. ಹಾಗೆ ತೀರ್ಮಾನಿಸಲು ಬಿಡದ ಒಬ್ಬ ತಾಯಿಯಿದ್ದಾಳೆ. 1955ರ ಆಗಸ್ಟಿನಲ್ಲಿ ಷಿಕಾಗೋ ನಗರದ 14 ವರ್ಷದ ನೀಗ್ರೋ ಬಾಲಕ (ಅಂದಿನ ಶಬ್ದ ಅದು, ಇಂದು ಅವರು ತಮ್ಮನ್ನು ಹಾಗೆ ಕರೆದುಕೊಳ್ಳುವುದಿಲ್ಲ) ಎಮ್ಮೆಟ್ ಟಿಲ್ ಮಿಸ್ಸಿಸ್ಸಿಪ್ಪಿಯ ಬಂಧುಗಳ ಮನೆಗೆ ಹೋಗಿದ್ದ. ಬಿಳಿಯ ಹೆಂಗಸೊಬ್ಬಳೊಡನೆ ಅನುಚಿತವಾಗಿ ವರ್ತಿಸಿದನೆಂಬ ನೆವದಲ್ಲಿ ಅವನನ್ನು ರಾತ್ರಿ ಎಳೆದೊಯ್ದು ಕೊಂದು ನದಿಗೆ ಎಸೆದರು. ಅಲ್ಲಿನ ಅಧಿಕಾರಿಗಳಿಗೆ ಅವನನ್ನು ಬೇಗ ಹೂಳಿಬಿಡುವ ಆತುರ. ತಾಯಿ ಮೇಮೀ ಟಿಲ್ ಒಪ್ಪಲಿಲ್ಲ. ಶವ ಷಿಕಾಗೋಗೆ ಬಂದಿತು. ಮುಚ್ಚಿದ ಪೆಟ್ಟಿಗೆಯನ್ನು ಆಕೆ ತೆರೆಸಿದಳು. ಮಗನ ಮುಖವನ್ನು ಲೋಕ ನೋಡಲಿ ಎಂದು ತೆರೆದೇ ಇಟ್ಟಳು. ಸಾವಿರಾರು ಜನ ಸಾಲುಗಟ್ಟಿ ಬಂದು ನೋಡಿದರು. ‘ಜೆಟ್’ ಎಂಬ ಪತ್ರಿಕೆ ಆ ಮುಖದ ಚಿತ್ರವನ್ನು ಅಚ್ಚುಹಾಕಿತು. ಆರೋಪಿಗಳಿಬ್ಬರನ್ನೂ ಬಿಳಿಯರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಬಿಡುಗಡೆ ಮಾಡಿತು; ಮರುವರ್ಷ ಅವರು ಹಣ ಪಡೆದು ಒಂದು ಪತ್ರಿಕೆಗೆ ತಮ್ಮ ಕೃತ್ಯವನ್ನು ತಾವೇ ಹೇಳಿಕೊಂಡರು. ನ್ಯಾಯಾಲಯ ಮಾಡದ ಕೆಲಸವನ್ನು ಆ ಚಿತ್ರ ಮಾಡಿತು. ಅಮೆರಿಕದ ಪೌರಹಕ್ಕಿನ ಚಳವಳಿಯ ಒಂದು ಪೀಳಿಗೆಯೇ ಆ ಮುಖವನ್ನು ನೆನೆದು ಬೀದಿಗೆ ಇಳಿಯಿತು.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮಂಡಿಯ ಕೆಳಗೆ ಸತ್ತಾಗ, ಪೊಲೀಸರ ಮೊದಲ ಹೇಳಿಕೆ ಅದನ್ನು ದೇಹಾರೋಗ್ಯಕ್ಕೆ ಸಂಬಂಧಿಸಿದ ಒಂದು ಘಟನೆಯೆಂಬಂತೆ ವರ್ಣಿಸಿತ್ತು. 17 ವರ್ಷದ ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಹಿಡಿದ ಚಿತ್ರ ಇಲ್ಲದಿದ್ದರೆ ಆ ಹೇಳಿಕೆಯೇ ಇತಿಹಾಸವಾಗುತ್ತಿತ್ತು. ನಮ್ಮ ದೇಶದ ಮಾತನ್ನೂ ಹೇಳಬೇಕು. ಮಣಿಪುರದಲ್ಲಿ 2023ರ ಮೇ 4ರಂದು ಇಬ್ಬರು ಹೆಂಗಸರನ್ನು ಜನರ ಗುಂಪು ಬೆತ್ತಲೆಯಾಗಿ ನಡೆಸಿತು. ಅದೇ ತಿಂಗಳಲ್ಲಿ ದೂರು ದಾಖಲಾಗಿತ್ತು. ಕಾಗದದ ಮೇಲೆ ಎಲ್ಲವೂ ಇತ್ತು. ಬಂಧನ ಮಾತ್ರ ಆಗಲಿಲ್ಲ. ಜುಲೈ 19ರಂದು ವಿಡಿಯೋ ಹೊರಬಿದ್ದಿತು, ಮರುದಿನ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ವಿಷಯವನ್ನು ಎತ್ತಿಕೊಂಡಿತು, ಬಂಧನಗಳಾದವು. ಬರೆದುದನ್ನು ಎರಡು ತಿಂಗಳು ಓದದೆ ಇದ್ದ ಅಧಿಕಾರ ಕಂಡುದಕ್ಕೆ ಒಂದು ದಿನದಲ್ಲಿ ಎಚ್ಚೆತ್ತಿತು. ಅಕ್ಷರವನ್ನೇ ನಂಬಿ ಬದುಕುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆಯಿಲ್ಲ.

ಆದರೂ ಷಿಕಾಗೋಗೂ ಮಣಿಪುರಕ್ಕೂ ಒಂದು ಅಂತರವಿದೆ, ಅದನ್ನು ಮರೆಯಬಾರದು. ಷಿಕಾಗೋದಲ್ಲಿ ಪೆಟ್ಟಿಗೆಯನ್ನು ತೆರೆದವಳು ತಾಯಿ. ಮಣಿಪುರದಲ್ಲಿ ಆ ಇಬ್ಬರನ್ನು ಯಾರೂ ಕೇಳಲಿಲ್ಲ. ಚಿತ್ರವನ್ನು ತೆಗೆದವರು ಅಪಮಾನ ಮಾಡಿದ ಗುಂಪಿನವರೇ. ನಮ್ಮ ಹಾಸನದಲ್ಲಿ 2024ರ ಏಪ್ರಿಲಿನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಪೆನ್ ಡ್ರೈವುಗಳು ಬಸ್ ನಿಲ್ದಾಣ ಮೈದಾನಗಳಲ್ಲೆಲ್ಲ ಸಿಕ್ಕಿದುವೆಂಬ ಸುದ್ದಿಯನ್ನು ವಾಚಕರು ಮರೆತಿರಲಾರರು. ಅಪರಾಧ ಬಯಲಾಯಿತು; 2025ರ ಆಗಸ್ಟಿನಲ್ಲಿ ಒಂದು ಮೊಕದ್ದಮೆಯಲ್ಲಿ ಜೀವಾವಧಿ ಶಿಕ್ಷೆಯೂ ಆಯಿತು. ಆದರೆ ಆ ಹೆಂಗಸರ ಮುಖಗಳನ್ನು ಮರೆಮಾಡುವಷ್ಟು ಸೌಜನ್ಯವೂ ಹಂಚಿದವರಿಗೆ ಇರಲಿಲ್ಲ. ಸತ್ಯವನ್ನು ಹೊರಗೆಡಹುವವನಿಗೂ ಹೆಂಗಸನ್ನು ಬೀದಿಗೆಳೆಯುವವನಿಗೂ ಕೆಲವೊಮ್ಮೆ ಒಂದೇ ಕೈ ಇರುತ್ತದೆ ಎಂಬುದು ಈ ವಿಷಯದ ಕಷ್ಟ.

ಕಾನೂನು ಈ ಕಷ್ಟವನ್ನು ಹೇಗೆ ಬಿಡಿಸಿದೆ? ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 2004ರ ಫೇವಿಷ್ ಮೊಕದ್ದಮೆಯಲ್ಲಿ, ಮೃತನ ಕೊನೆಯ ಚಿತ್ರಗಳ ವಿಷಯದಲ್ಲಿ ಅವನ ಕುಟುಂಬಕ್ಕೆ ಖಾಸಗಿತನದ ಹಕ್ಕುಂಟೆಂದು ಒಮ್ಮತದಿಂದ ತೀರ್ಪಿತ್ತಿತು. ಸರ್ಕಾರ ತಪ್ಪು ಮಾಡಿದೆಯೆಂದು ಚಿತ್ರ ಕೇಳುವವನು ಬರಿಯ ಶಂಕೆಯನ್ನಲ್ಲ, ಶಂಕೆಗೆ ತಕ್ಕ ಆಧಾರವನ್ನು ತೋರಿಸಬೇಕು ಎಂದಿತು. ಆ ತೀರ್ಪಿನಲ್ಲಿ ಮೈ ನಡುಗಿಸುವ ಒಂದು ಸಂಗತಿಯಿದೆ: ಸೆರೆಯಲ್ಲಿರುವ ಕೊಲೆಗಾರರೂ ಅತ್ಯಾಚಾರಿಗಳೂ ತಮ್ಮಿಂದ ಸತ್ತವರ ಚಿತ್ರಗಳನ್ನು ಮಾಹಿತಿ ಹಕ್ಕಿನ ಕಾಯಿದೆಯಡಿ ಕೇಳುತ್ತಿದ್ದರಂತೆ. ಎಲ್ಲರಿಗೂ ತೆರೆದ ಬಾಗಿಲೆಂದರೆ ಅವರಿಗೂ ತೆರೆದದ್ದೇ. ಸ್ಯಾಂಡಿ ಹುಕ್ ಶಾಲೆಯ ಮಕ್ಕಳ ಹತ್ಯೆಯಾದ ಮೇಲೆ ಕನೆಕ್ಟಿಕಟ್ ಸಂಸ್ಥಾನ 2013ರಲ್ಲಿ ಕೊಲೆಯಾದವರ ಚಿತ್ರಗಳ ಬಿಡುಗಡೆಗೆ ಶಾಸನದ ಮೂಲಕವೇ ತಡೆ ಹಾಕಿತು.

ನಮ್ಮಲ್ಲಿ ಲೈಂಗಿಕ ಅಪರಾಧಕ್ಕೆ ಬಲಿಯಾದವರ ಗುರುತನ್ನು ಸತ್ತ ಮೇಲೆಯೂ ಪ್ರಕಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2018ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಕೊಲೆಯಾದ ಉಳಿದವರಿಗೆ ಅಷ್ಟು ಗಟ್ಟಿಯಾದ ಮರೆಯಿಲ್ಲ. 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಸಾರಿದ ಪ್ರಸಿದ್ಧ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಅದು ನಮಗೆ ಅಭಿಮಾನದ ಮಾತು. ಆದರೆ 2023ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ, ಮೃತ ನಟನೊಬ್ಬನನ್ನು ಕುರಿತ ಚಲನಚಿತ್ರದ ವ್ಯಾಜ್ಯದಲ್ಲಿ, ಆತನ ಖಾಸಗಿತನದ ಹಕ್ಕು ಆತನೊಡನೆಯೇ ತೀರಿತು, ಅದು ವಾರಸುದಾರರಿಗೆ ಬರತಕ್ಕದ್ದಲ್ಲ ಎಂದಿತು. ಅದು ಸಿನಿಮಾದ ಮಾತು, ಹೆಣದ ಚಿತ್ರದ್ದಲ್ಲ, ನಿಜ. ಆದರೂ ಹಕ್ಕು ಸತ್ತವನೊಡನೆ ಸಾಯುವುದಾದರೆ, ಸಾಯದೆ ಉಳಿಯುವುದು ಚಿತ್ರವೊಂದೇ ಎಂದಾಯಿತು.

ಇನ್ನು, ಕೊಲ್ಲುವುದೇ ಚಿತ್ರಕ್ಕಾಗಿ ಎಂಬ ಕಾಲವೂ ಬಂದಿದೆ. 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ಅದನ್ನು ನೇರವಾಗಿ ಪ್ರಸಾರ ಮಾಡಿದ. ನೇರ ಪ್ರಸಾರವನ್ನು ನೋಡಿದವರು 200 ಮಂದಿಗಿಂತ ಕಡಿಮೆ. ಮೊದಲ 24 ಗಂಟೆಗಳಲ್ಲಿ ಫೇಸ್‌ಬುಕ್ ತೆಗೆದುಹಾಕಿದ ಪ್ರತಿಗಳು 15 ಲಕ್ಷ! ಕೊಲೆಗಾರನೊಬ್ಬನಿಗೆ ಅಷ್ಟು ಮಂದಿ ಸಂಬಳವಿಲ್ಲದ ಸಹಾಯಕರು. ನ್ಯೂಜಿಲೆಂಡ್ ಆ ಚಿತ್ರವನ್ನು ನಿಷೇಧಿಸಿತು. ಹಂಚಿದ ಒಬ್ಬನಿಗೆ 21 ತಿಂಗಳ ಸೆರೆಯಾಯಿತು. ಹೀಗೆ ತೆಗೆದುಹಾಕುವ ಕೆಲಸಕ್ಕೆ ಕುಳಿತವರೂ ಮನುಷ್ಯರೇ. ಇವನ್ನೆಲ್ಲ ನೋಡಿ ನೋಡಿ ಮನಸ್ಸು ಕೆಟ್ಟವರಿಗೆ ಪರಿಹಾರವಾಗಿ 5 ಕೋಟಿ 20 ಲಕ್ಷ ಡಾಲರ್ ಕೊಡಲು ಅದೇ ಸಂಸ್ಥೆ 2020ರಲ್ಲಿ ಒಪ್ಪಿಕೊಂಡಿತು.

ನಮ್ಮ ಹಿರಿಯರು ಸಾವಿನ ಚಿತ್ರಕ್ಕೆ ಹೆದರಿದವರಲ್ಲ. ಊರೂರಿನ ವೀರಗಲ್ಲುಗಳು ಮತ್ತೇನು? ತುರುಗೋಳಿನಲ್ಲಿ ಬಿದ್ದವನ ಕಾದಾಟ ಕೆಳಗೆ, ಅಪ್ಸರೆಯರು ಒಯ್ಯುವುದು ನಡುವೆ, ದೇವರ ಸನ್ನಿಧಿ ಮೇಲೆ. ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಗೂ ಆ ಮರ್ಯಾದೆ ದೊರಕಿದೆ. ಆದರೆ ಕಲ್ಲನ್ನು ನಿಲ್ಲಿಸಿದವರು ಸತ್ತವನ ಕಡೆಯವರು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣರಂಗದ ಹೆಣಗಳ ನಡುವೆ ನಡೆಯುತ್ತಾನೆ, ಅಲ್ಲಿ ಬೀಭತ್ಸಕ್ಕೆ ಕೊರತೆಯಿಲ್ಲ. ಆದರೆ ಅವನು ಒಂದೊಂದು ಹೆಣದ ಮುಂದೆಯೂ ನಿಲ್ಲುತ್ತಾನೆ, ಗುರುತಿಸುತ್ತಾನೆ, ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವನ್ನೂ ಮೆಚ್ಚುತ್ತಾನೆ. ನಾಟ್ಯಶಾಸ್ತ್ರ ಮರಣವನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದಲ್ಲಿ ಸೂಚಿಸಬೇಕೆನ್ನುತ್ತದೆ. ‘ಊರುಭಂಗ’ದಲ್ಲಿ ಭಾಸ ಆ ನಿಯಮವನ್ನು ಮೀರಿದ್ದೂ ಉಂಟು. ಮೀರತಕ್ಕ ಕಾರಣ ಬಲವಾಗಿದ್ದಾಗ ಮೀರುವುದು ಬೇರೆ, ನಿಯಮವೆಂಬುದೊಂದು ಇದ್ದಿತೆಂಬುದನ್ನೇ ಅರಿಯದಿರುವುದು ಬೇರೆ.

ಆದುದರಿಂದ ನನಗೆ ತೋರುವುದನ್ನು ಹೇಳಿಬಿಡುತ್ತೇನೆ. ಇಂಥ ಚಿತ್ರಗಳು ಹಾದಿಹೋಕರಿಗೆಲ್ಲ ತೆರೆದಿರಕೂಡದು. ನಾಶವೂ ಆಗಕೂಡದು, ನ್ಯಾಯಾಲಯಕ್ಕೂ, ಹೆಸರು ಕೊಟ್ಟು ಕಾರಣ ತಿಳಿಸಿ ಬರುವ ಸಂಶೋಧಕನಿಗೂ, ಪತ್ರಕರ್ತನಿಗೂ ಸಿಗುವಂತಿರಬೇಕು. ತೆರೆಯುವ ಮಾತು ಬಂದಾಗ ಮೊದಲು ಕೇಳತಕ್ಕದ್ದು ಬದುಕಿರುವ ಬಲಿಪಶುವನ್ನು, ಇಲ್ಲವೆ ಸತ್ತವನ ಮನೆಯವರನ್ನು. ಕೊಂದವರು ಅಧಿಕಾರದಲ್ಲಿರುವವರೇ ಆಗಿದ್ದರೆ ಬೀಗದ ಕೈ ಅವರ ಬಳಿ ಇರಕೂಡದು. ಅಲ್ಲಿ ಮಿನಿಯಾಪೊಲಿಸ್ ಹುಡುಗಿ ಮಾಡಿದ್ದೇ ಸರಿ. ಮನೆಯವರು ಬೇಡವೆಂದು, ಲೋಕಕ್ಕೆ ಬೇಕೇ ಬೇಕಾದಾಗ ಏನು ಮಾಡತಕ್ಕದ್ದು? ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ಮಣಿಪುರದ ವಿಡಿಯೋ ಹೊರಬರಬಾರದಿತ್ತೆಂದು ಹೇಳಲಾರೆ. ಬಂದುದು ಸರಿಯೆಂದು ಆ ಇಬ್ಬರ ಎದುರಿಗೆ ನಿಂತು ಹೇಳಲೂ ಆರೆ.

ಎಮ್ಮೆಟ್ ಟಿಲ್‌ನ ದೇಹವನ್ನು 2005ರಲ್ಲಿ ತನಿಖೆಗಾಗಿ ಹೊರತೆಗೆದು ಬೇರೊಂದು ಪೆಟ್ಟಿಗೆಯಲ್ಲಿ ಮತ್ತೆ ಹೂಳಿದರು. ಅವನ ತಾಯಿ ತೆರೆದಿಟ್ಟಿದ್ದ ಮೊದಲಿನ ಪೆಟ್ಟಿಗೆ ಈಗ ವಾಷಿಂಗ್ಟನ್ ನಗರದಲ್ಲಿ, 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸ ಮತ್ತು ಸಂಸ್ಕೃತಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಪ್ರತ್ಯೇಕವಾದ ಒಂದು ಕೋಣೆ. ಜನ ಒಬ್ಬೊಬ್ಬರಾಗಿ ಒಳಗೆ ಹೋಗಿ ನೋಡಿ ಬರುತ್ತಾರೆ. ಆ ಕೋಣೆಯಲ್ಲಿ ಛಾಯಾಚಿತ್ರ ತೆಗೆಯಲು ಅನುಮತಿಯಿಲ್ಲ.