ಹೊರನಾಡಿನ ಕ್ರೈಸ್ತ ಕುಟುಂಬವೂ ಹೊಸ ಸಭೆಯ ಆಯ್ಕೆಯೂ

ಊರು ಬಿಟ್ಟು ಬಂದ ಕುಟುಂಬವು ಹೊಸ ನಗರದಲ್ಲಿ ಮೊದಲು ಅರಸುವುದು ವಾಸದ ಮನೆಯನ್ನು. ಅನಂತರ ಮಕ್ಕಳಿಗೆ ಶಾಲೆಯನ್ನು. ಕನ್ನಡ ಕ್ರೈಸ್ತ ಕುಟುಂಬಕ್ಕೆ ಇವೆರಡರೊಡನೆ ಮೂರನೆಯ ಅನ್ವೇಷಣೆಯೊಂದೂ ಸೇರಿಕೊಳ್ಳುತ್ತದೆ: ತಾನು ಸೇರತಕ್ಕ ಸಭೆ ಯಾವುದು? ಕನ್ನಡದ ಪ್ರಾಟೆಸ್ಟಂಟರಲ್ಲಿ 'ಸಭೆ' ಎಂಬ ಮಾತು ಕಟ್ಟಡವನ್ನಲ್ಲ, ಒಂದೆಡೆ ಕೂಡಿ ಆರಾಧಿಸುವ ಜನರನ್ನು ಸೂಚಿಸುತ್ತದೆ. ಆದುದರಿಂದ ಇದು ಸಮೀಪದ ದೇವಾಲಯವೊಂದನ್ನು ಗೊತ್ತುಮಾಡಿಕೊಳ್ಳುವಷ್ಟು ಸುಲಭದ ಕೆಲಸವಲ್ಲ. ಈ ಪ್ರಶ್ನೆ ಹುಟ್ಟುವ ಬಗೆಯನ್ನೂ ಅದರಲ್ಲಿ ಅಡಗಿರುವ ಭಾಷೆಯ ಪ್ರಶ್ನೆಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ತಾಯ್ನಾಡಿನಲ್ಲಿ ಕ್ರೈಸ್ತನು ತನ್ನ ಸಭೆಯನ್ನು ಆಯ್ದುಕೊಂಡವನಲ್ಲ. ಅವನ ಊರೇ ಅದನ್ನು ಆಯ್ದುಕೊಟ್ಟಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಿಶನ್ ಸಂಸ್ಥೆಗಳು ಒಂದರ ಕ್ಷೇತ್ರದಲ್ಲಿ ಇನ್ನೊಂದು ಪ್ರವೇಶಿಸಬಾರದೆಂಬ ಒಡಂಬಡಿಕೆಯನ್ನು ಬಹುಮಟ್ಟಿಗೆ ಪಾಲಿಸುತ್ತ ಬಂದವು. ಬಳ್ಳಾರಿಯಲ್ಲಿ 1810ರಿಂದ ಲಂಡನ್ ಮಿಶನ್ ನೆಲೆಸಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಿಗೆ ವ್ಯಾಪಿಸಿತು. ಹಳೆಯ ಮೈಸೂರಿನ ಬಹುಭಾಗ ವೆಸ್ಲಿಯನ್ ಮಿಶನ್ನಿನ ಕ್ಷೇತ್ರವಾಗಿತ್ತು. ಕೋಲಾರ, ಬೀದರುಗಳಲ್ಲಿ ಅಮೆರಿಕದ ಮೆಥೊಡಿಸ್ಟರು ಕೆಲಸಮಾಡಿದರು. ಹೀಗೆ ಬೆಟಗೇರಿಯಲ್ಲಿ ಹುಟ್ಟಿದವನು ಬಾಸೆಲ್ ಸಭೆಯವನಾದದ್ದೂ ಬೀದರಿನಲ್ಲಿ ಹುಟ್ಟಿದವಳು ಮೆಥೊಡಿಸ್ಟಳಾದದ್ದೂ ತತ್ತ್ವವಿಮರ್ಶೆಯ ಫಲವಲ್ಲ, ಭೂಗೋಳದ ಫಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಗಡಿಗಳು ಭಾಗಶಃ ಅಳಿದವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆಯು ಸ್ಥಾಪಿತವಾಯಿತು. ಆಂಗ್ಲಿಕನ್, ಬ್ರಿಟಿಷ್ ಮೆಥೊಡಿಸ್ಟ್ ಮತ್ತು ದಕ್ಷಿಣ ಭಾರತದ ಸಂಯುಕ್ತ ಸಭೆ ಎಂಬ ಮೂರು ಪ್ರವಾಹಗಳು ಅಲ್ಲಿ ಕೂಡಿದವು; ಕರ್ನಾಟಕದ ಬಾಸೆಲ್ ಸಭೆಗಳ ಬಹುಪಾಲು ಮುಂದೆ ಅದರಲ್ಲಿ ಸೇರಿತು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆಯು ಆರಂಭವಾಯಿತು. ಅಮೆರಿಕದ ಮೆಥೊಡಿಸ್ಟ್ ಪರಂಪರೆ ಮಾತ್ರ ಈ ಐಕ್ಯದ ಹೊರಗುಳಿದು 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆಯೆಂಬ ಸ್ವತಂತ್ರ ರೂಪವನ್ನು ತಾಳಿತು.

ಈಗ ಬೆಟಗೇರಿಯ ತರುಣನೂ ಬೀದರಿನ ತರುಣಿಯೂ ಮದುವೆಯಾಗಿ, ಇಬ್ಬರು ಮಕ್ಕಳೊಡನೆ ಪುಣೆಯಲ್ಲಿ ನೆಲೆಸಿದರೆಂದು ಊಹಿಸಬಹುದು. ಗಂಡನದು ದಕ್ಷಿಣ ಭಾರತ ಸಭೆ. ಅದರ ಆಡಳಿತಕ್ಷೇತ್ರ ಮಹಾರಾಷ್ಟ್ರವನ್ನು ಒಳಗೊಂಡಿಲ್ಲ. ಆದರೆ ಉತ್ತರ ಭಾರತ ಸಭೆಯೊಡನೆ ಅದಕ್ಕೆ ಪೂರ್ಣ ಅನ್ಯೋನ್ಯತೆ ಇರುವುದರಿಂದ, ಅಲ್ಲಿ ಪ್ರಭುಭೋಜನದಲ್ಲಿ ಭಾಗಿಯಾಗಲು ಅವನಿಗೆ ಅಡ್ಡಿಯಿಲ್ಲ. ಹೆಂಡತಿಯ ಮೆಥೊಡಿಸ್ಟ್ ಸಭೆಯಾದರೋ ದಕ್ಷಿಣೋತ್ತರಗಳೆರಡರಲ್ಲೂ ಹರಡಿದೆ. ಊರಿನಲ್ಲಿ ಪ್ರಶ್ನೆಯೇ ಆಗದಿದ್ದುದು ನಗರದಲ್ಲಿ ಈ ದಂಪತಿಗಳ ಮುಂದೆ ಆಯ್ಕೆಯಾಗಿ ನಿಲ್ಲುತ್ತದೆ.

ಈ ಆಯ್ಕೆಯ ಪರಿಣಾಮಗಳು ಭಾನುವಾರದ ಒಂದೆರಡು ಗಂಟೆಗಳಿಗೆ ಸೀಮಿತವಲ್ಲ. ಊರಿನ ಸಭಾಪಾಲಕರಿಂದ ವರ್ಗಾವಣೆಯ ಪತ್ರವನ್ನು ತಂದು ಹೊಸ ಸಭೆಯ ಪಟ್ಟಿಯಲ್ಲಿ ಹೆಸರು ಬರೆಯಿಸಿದಾಗಲೇ ಕುಟುಂಬವು ಅಲ್ಲಿಯ ಸದಸ್ಯವೆನಿಸುವುದು. ಮಕ್ಕಳ ದೀಕ್ಷಾಸ್ನಾನ ಮತ್ತು ದೃಢೀಕರಣ, ಮುಂದೆ ಮದುವೆ, ಕೊನೆಗೆ ಸಮಾಧಿಯ ಸ್ಥಳ, ಇವೆಲ್ಲಕ್ಕೂ ಆ ಪಟ್ಟಿ ಬೇಕಾಗುತ್ತದೆ. ದೀಕ್ಷಾಸ್ನಾನದ ವಿಷಯದಲ್ಲಿ ಎಳೆಯ ಮಕ್ಕಳಿರುವವರು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ದಕ್ಷಿಣ ಭಾರತ ಸಭೆ ಮತ್ತು ಮೆಥೊಡಿಸ್ಟ್ ಸಭೆಗಳಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವ ವಾಡಿಕೆಯಿದೆ. ಉತ್ತರ ಭಾರತ ಸಭೆಯು ತನ್ನಲ್ಲಿ ಬ್ಯಾಪ್ಟಿಸ್ಟರೂ ಸೇರಿರುವ ಕಾರಣ ಶಿಶುದೀಕ್ಷೆ, ವಯಸ್ಕದೀಕ್ಷೆ ಎರಡನ್ನೂ ಮಾನ್ಯಮಾಡುತ್ತದೆ. ಪೆಂಟೆಕೋಸ್ಟಲ್ ಸಭೆಗಳು ಸಾಮಾನ್ಯವಾಗಿ ಶಿಶುದೀಕ್ಷೆಯನ್ನು ಒಪ್ಪುವುದಿಲ್ಲ; ಅಲ್ಲಿಗೆ ಸೇರಬಯಸುವವರು ಎರಡನೆಯ ಸಲ ನೀರಿನಲ್ಲಿ ಮುಳುಗಬೇಕಾದೀತು. ಊರಿನ ಅಜ್ಜ ಅಜ್ಜಿಯರ ಸಮಕ್ಷಮದಲ್ಲಿ ದೀಕ್ಷೆ ಪಡೆದವರಿಗೆ ಇದು ಸಣ್ಣ ಮಾತಲ್ಲ.

ರೋಮನ್ ಕಥೋಲಿಕರಲ್ಲಿ ಪ್ರಶ್ನೆಯ ಸ್ವರೂಪ ಬೇರೆ. ಅವರ ಧರ್ಮಕೇಂದ್ರ ಸಾಮಾನ್ಯವಾಗಿ ಪ್ರದೇಶವನ್ನು ಅನುಸರಿಸಿದುದು. ಮನೆಯ ವಿಳಾಸವೇ ಅದನ್ನು ನಿರ್ಣಯಿಸುತ್ತದೆ. ಆದರೆ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಪೂಜಾವಿಧಿಯಲ್ಲಿ ದೇಶಭಾಷೆಗಳ ಬಳಕೆಗೆ ದಾರಿ ತೆರೆದ ಮೇಲೆ, ಯಾವ ಭಾಷೆಯ ಪೂಜೆಗೆ ಹೋಗಬೇಕೆಂಬ ವಿಚಾರ ಅವರಲ್ಲಿಯೂ ಎದ್ದಿದೆ. ಹೀಗೆ ಎಲ್ಲ ದಾರಿಗಳೂ ಕೊನೆಗೆ ಬಂದು ಕೂಡುವುದು ಭಾಷೆಯಲ್ಲಿ.

ಕನ್ನಡ ಸಭೆಗೂ ಕನ್ನಡ ನುಡಿಗೂ ಇರುವ ಸಂಬಂಧ ಆಕಸ್ಮಿಕವಾದುದಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಮೋಗ್ಲಿಂಗರೂ 1894ರಲ್ಲಿ ನಿಘಂಟನ್ನು ಪ್ರಕಟಿಸಿದ ಕಿಟ್ಟೆಲರೂ ಬಾಸೆಲ್ ಮಿಶನ್ನಿನವರು. ಸರ್ವಜ್ಞನ ವಚನಗಳನ್ನು ಸಂಪಾದಿಸಿ, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಉತ್ತಂಗಿ ಚನ್ನಪ್ಪನವರು ಇದೇ ಪರಂಪರೆಯ ಸಭಾಪಾಲಕರಾಗಿದ್ದರು. ಕನ್ನಡ ಕ್ರೈಸ್ತನ ಸತ್ಯವೇದ, ಕೀರ್ತನೆ, ಪ್ರಾರ್ಥನೆಗಳು ಈ ನುಡಿಯಲ್ಲೇ ರೂಪುಗೊಂಡವು.

ನಗರದಲ್ಲಿಯಾದರೋ ಕನ್ನಡ ಆರಾಧನೆ ವಿರಳ. ಹಲವೆಡೆ ಅದು ಬೇರೆ ಭಾಷೆಯ ಸಭೆಯ ದೇವಾಲಯದಲ್ಲಿ, ಅವರ ಆರಾಧನೆ ಮುಗಿದ ಮೇಲೆ ದೊರೆಯುವ ಹೊತ್ತಿನಲ್ಲಿ ನಡೆಯುತ್ತದೆ. ಮನೆಯಿಂದ ಅಲ್ಲಿಗೆ ಎರಡು ಬಸ್ಸುಗಳನ್ನು ಬದಲಿಸಬೇಕಾಗಬಹುದು. ಮನೆಯ ಪಕ್ಕದಲ್ಲೇ ಇಂಗ್ಲಿಷ್ ಆರಾಧನೆ ಇರುತ್ತದೆ. ಮಕ್ಕಳ ಸಂಡೇಸ್ಕೂಲೂ ಅಲ್ಲಿ ಚೆನ್ನಾಗಿ ನಡೆಯುತ್ತಿರುತ್ತದೆ. ತಂದೆತಾಯಿಗಳ ಮನಸ್ಸು ಒಂದು ಕಡೆಗೆ, ಮಕ್ಕಳ ಅನುಕೂಲ ಇನ್ನೊಂದು ಕಡೆಗೆ ಎಳೆಯುತ್ತದೆ. ಕನ್ನಡ ಸಭೆಗೆ ಕರೆದೊಯ್ದರೂ, ಕನ್ನಡ ಲಿಪಿಯನ್ನು ಅರಿಯದ ಮಗುವಿನ ಕೈಯಲ್ಲಿ ಕೀರ್ತನೆಯ ಪುಸ್ತಕವು ಮೂಕವಾಗಿಯೇ ಉಳಿಯುತ್ತದೆ.

ಇದರಿಂದ ಆಗುವ ನಷ್ಟ ಎಂತಹುದೆಂಬುದಕ್ಕೆ ಒಂದು ಉದಾಹರಣೆ ಸಾಕು. ಕನ್ನಡದ ಮಗು ತಾತನನ್ನು 'ನೀವು' ಎನ್ನುತ್ತದೆ, ದೇವರನ್ನು 'ನೀನು' ಎನ್ನುತ್ತದೆ. ಹಿರಿಯರಿಗೆ ಸಲ್ಲುವ ಬಹುವಚನವನ್ನು ಎಲ್ಲರಿಗಿಂತ ಹಿರಿಯನಾದವನು ಬೇಡುವುದಿಲ್ಲವೆಂಬ ಭಾವ ಆ ಏಕವಚನದಲ್ಲಿದೆ. ಈ ಸಲುಗೆಯಲ್ಲಿ ಕ್ರೈಸ್ತನ ಪ್ರಾರ್ಥನೆಯೂ ವಚನಕಾರರ ಮತ್ತು ದಾಸರ ಮೊರೆಯೂ ಒಂದೇ ದಾರಿಯವು. ಇಂದಿನ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಸರ್ವನಾಮವಾದ ಕಾರಣ ಆ ವ್ಯತ್ಯಾಸವೇ ಕಾಣದು. ಪೇಟೆಯಲ್ಲಿ, ಶಾಲೆಯಲ್ಲಿ ಕನ್ನಡವನ್ನು ಬಿಟ್ಟವನೂ ಮನೆಯ ಪ್ರಾರ್ಥನೆಯಲ್ಲಿ ಅದನ್ನು ಉಳಿಸಿಕೊಂಡಿರುತ್ತಾನೆ. ಅಲ್ಲಿಯೂ ಬಿಟ್ಟರೆ ಮುಂದಿನ ತಲೆಮಾರಿಗೆ ಅದು ಅಜ್ಜಿಯೊಡನೆ ಮಾತ್ರ ಆಡುವ ನುಡಿಯಾಗುತ್ತದೆ.

ಅನೇಕ ಕುಟುಂಬಗಳು ಮಧ್ಯಮಾರ್ಗವೊಂದನ್ನು ಕಂಡುಕೊಂಡಿವೆ: ಸಮೀಪದ ಸಭೆಯಲ್ಲಿ ಹೆಸರು, ತಿಂಗಳಿಗೊಮ್ಮೆ ಕನ್ನಡ ಆರಾಧನೆ, ಪ್ರತಿದಿನ ಸಂಜೆ ಮನೆಯಲ್ಲಿ ಕನ್ನಡ ಪ್ರಾರ್ಥನೆ. ಇದರಿಂದ ಸದಸ್ಯತ್ವದ ತೊಡಕು ಪರಿಹಾರವಾಗುತ್ತದೆ, ಲಿಪಿಯ ತೊಡಕು ಪರಿಹಾರವಾಗದು. ಆ ಕೊರತೆಯನ್ನು ತುಂಬಲು ಮತಭೇದವಿಲ್ಲದೆ ಅಕ್ಷರ ಕಲಿಸುವ ಕನ್ನಡ ಸಂಘಗಳು ಸಮರ್ಥವಾಗಿವೆ. ಸಂಘದ ತರಗತಿಯಲ್ಲಿ ಅಕ್ಷರ ಕಲಿತ ಮಗು ಒಂದು ಭಾನುವಾರ ತಾಯಿಯ ಪಕ್ಕದಲ್ಲಿ ನಿಂತು ಕೀರ್ತನೆಯ ಮೊದಲ ಸಾಲನ್ನು ತಾನೇ ಓದಿ ಹಾಡಿದರೆ, ಆ ಕುಟುಂಬದ ಹುಡುಕಾಟ ಅಂದಿಗೆ ಮುಗಿದಂತೆ.