ರಾಜಾಜಿನಗರವೋ, ಬಸವೇಶ್ವರನಗರವೋ? ಉದ್ಯಮಿಯ ಮನೆ ಖರೀದಿಯ ಲೆಕ್ಕ

ಪೀಣ್ಯದಲ್ಲಿ ಘಟಕ ನಡೆಸುವ ಸಣ್ಣ ಉದ್ಯಮಿಗಳು ಸ್ವಂತ ಮನೆ ಕೊಳ್ಳಹೊರಟಾಗ ವೆಸ್ಟ್ ಆಫ್ ಕಾರ್ಡ್ ರಸ್ತೆಯ ಆಚೀಚೆ ಇರುವ ರಾಜಾಜಿನಗರ ಮತ್ತು ಬಸವೇಶ್ವರನಗರಗಳನ್ನು ತೂಗಿ ನೋಡುವುದುಂಟು. ಚರ್ಚೆ ಬಹುಮಟ್ಟಿಗೆ ಚದರಡಿ ದರದಲ್ಲೇ ಮುಗಿಯುತ್ತದೆ. ಆದರೆ ವ್ಯಾಪಾರಸ್ಥನು ಮನೆಗೆ ತೊಡಗಿಸುವ ಸ್ವಂತ ಹಣವು ಅವನ ದುಡಿಯುವ ಬಂಡವಾಳದಿಂದಲೇ ಬರಬೇಕಾದುದರಿಂದ, ಅವನ ಲೆಕ್ಕ ಸಂಬಳದಾರನ ಲೆಕ್ಕಕ್ಕಿಂತ ಬೇರೆ.

ರಾಜಾಜಿನಗರಕ್ಕೆ 2014ರಿಂದಲೇ ಪೀಣ್ಯದೊಡನೆ ನೇರ ಮೆಟ್ರೋ ಸಂಪರ್ಕವಿದೆ. ಬಸವೇಶ್ವರನಗರದ ದಕ್ಷಿಣಕ್ಕಿರುವ ಮಾಗಡಿ ರಸ್ತೆಯ ಹೊಸಹಳ್ಳಿ–ಕಡಬಗೆರೆ ಮಾರ್ಗಕ್ಕೆ ಕೇಂದ್ರದ ಅನುಮೋದನೆ ದೊರೆತುದು 2024ರ ಆಗಸ್ಟ್‌ನಲ್ಲಿ. ಕಾರ್ಖಾನೆಯ ಮಾಲೀಕರು ಸ್ವತಃ ಮೆಟ್ರೋ ಏರುವುದು ಅಪರೂಪ. ಅದರ ಬೆಲೆಯನ್ನು ಮಾತ್ರ ತಪ್ಪದೆ ತೆರುತ್ತಾರೆ.

ಆ ಬೆಲೆ ಎಷ್ಟೆಂಬುದನ್ನು ಉದಾಹರಣೆಯಿಂದ ನೋಡಬಹುದು. ಒಂದು ಮನೆ 2 ಕೋಟಿ, ಇನ್ನೊಂದು 1.60 ಕೋಟಿ ರೂಪಾಯಿ ಎಂದಿಟ್ಟುಕೊಳ್ಳೋಣ. 75 ಲಕ್ಷ ರೂ. ಮೀರಿದ ಗೃಹಸಾಲವು ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆಯ ಮೌಲ್ಯದ ಶೇ. 75ನ್ನು ದಾಟುವಂತಿಲ್ಲ, ಮುದ್ರಾಂಕ ಮತ್ತು ನೋಂದಣಿ ವೆಚ್ಚ ಈ ಮೌಲ್ಯದಲ್ಲಿ ಸೇರುವುದಿಲ್ಲ. 2025ರ ಆಗಸ್ಟ್ 31ರಂದು ನೋಂದಣಿ ಶುಲ್ಕ ಶೇ. 2ಕ್ಕೆ ಏರಿದ ಮೇಲೆ, ಸೆಸ್ ಹಾಗೂ ಸರ್ಚಾರ್ಜ್ ಸೇರಿ ಈ ವೆಚ್ಚ ಶೇ. 7.6. ಆದ್ದರಿಂದ ಮೊದಲ ಮನೆಗೆ 65.20 ಲಕ್ಷ, ಎರಡನೆಯದಕ್ಕೆ 52.16 ಲಕ್ಷ ರೂ. ಕೈಯಿಂದಲೇ ಹೋಗಬೇಕು. ವ್ಯತ್ಯಾಸವಾದ 13.04 ಲಕ್ಷವನ್ನು ಶೇ. 10ರ ಕ್ಯಾಶ್ ಕ್ರೆಡಿಟ್‌ನಿಂದ ತುಂಬಿಕೊಂಡು, ಹೆಚ್ಚುವರಿ 30 ಲಕ್ಷದ ಗೃಹಸಾಲಕ್ಕೆ ಶೇ. 8.5 ಬಡ್ಡಿ ತೆತ್ತರೆ, ಮೊದಲ ವರ್ಷದ ಹೆಚ್ಚಿನ ಹೊರೆ ಸುಮಾರು 3.85 ಲಕ್ಷ ರೂಪಾಯಿ. ಈ ಮೊತ್ತವನ್ನು ಘಟಕದ ಲಾಭದ ಪಕ್ಕದಲ್ಲಿಟ್ಟು ನೋಡದೆ ಮುಂಗಡ ಕೊಡುವುದು ಸಲ್ಲದು.

ಮಾರ್ಗಸೂಚಿ ಬೆಲೆ ರಸ್ತೆಯಿಂದ ರಸ್ತೆಗೆ ಬದಲಾಗಬಹುದು. ಕ್ರಯದ ಮೊತ್ತಕ್ಕಿಂತ ಅದು ಹೆಚ್ಚಿದ್ದರೆ ಮುದ್ರಾಂಕ ಶುಲ್ಕ ಅದರ ಮೇಲೆಯೇ ಬೀಳುತ್ತದೆ. ಅಂತರವು ಕ್ರಯದ ಶೇ. 10ನ್ನು ಮೀರಿದರೆ ಆ ಅಂತರವಷ್ಟೂ ಕೊಳ್ಳುವವನ ಆದಾಯವೆಂದು ತೆರಿಗೆಗೆ ಒಳಪಡುತ್ತದೆ. ದರ ಚೌಕಾಸಿಯಲ್ಲಿ ಗೆದ್ದವರು ಇಲ್ಲಿ ಸೋಲುವುದುಂಟು.

ದಾಖಲೆಗಳ ವಿಷಯದಲ್ಲಿ ಎರಡೂ ಕಡೆ ಇ-ಖಾತಾ ಮತ್ತು ಋಣಭಾರ ಪ್ರಮಾಣಪತ್ರ ಬೇಕೇಬೇಕು. ಹಳೆಯ ಬಡಾವಣೆಯಾದ ರಾಜಾಜಿನಗರದಲ್ಲಿ ಎರಡು ಮೂರು ತಲೆಮಾರು ಕಂಡ ಮನೆಗಳಿಗೆ ಹೆಚ್ಚಿನ ಎಚ್ಚರ ಅಗತ್ಯ. ತಂದೆಯ ಹೆಸರಿನ ಮನೆಯನ್ನು ಗಂಡುಮಕ್ಕಳಷ್ಟೇ ಮಾರಲು ಮುಂದಾದರೆ ಹೆಣ್ಣುಮಕ್ಕಳ ಹಕ್ಕು ಏನಾಯಿತೆಂದು ಕೇಳಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ 2005ರ ತಿದ್ದುಪಡಿ ನೀಡಿದ ಸಮಪಾಲನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿದಿದೆ. ಪಾಲುದಾರರಲ್ಲೊಬ್ಬರು ವಿದೇಶದಲ್ಲಿ ನೆಲೆಸಿ ತೆರಿಗೆಯ ದೃಷ್ಟಿಯಲ್ಲಿ ಅನಿವಾಸಿಯಾಗಿದ್ದರೆ, 50 ಲಕ್ಷ ಮತ್ತು ಮೇಲ್ಪಟ್ಟ ಖರೀದಿಗೆ ಇರುವ ಶೇ. 1ರ ಟಿಡಿಎಸ್ ನಿಯಮ ಅವರ ಪಾಲಿಗೆ ಅನ್ವಯಿಸದು. ಹೆಚ್ಚಿನ ದರದಲ್ಲಿ ಕಡಿತ ಮಾಡುವ ಹೊಣೆ ಕೊಳ್ಳುವವನದೇ. ಆದ್ದರಿಂದ ಮಾರುವವರೆಲ್ಲರ ನಿವಾಸ ಸ್ಥಿತಿಯನ್ನು ಕ್ರಯದ ಕರಾರಿನಲ್ಲೇ ಬರೆಸಿಕೊಳ್ಳತಕ್ಕದ್ದು.